ಪೇಟೆಗೆ ಹೊರಡುವಾಗ ಕೈಯಲ್ಲೊಂದು ಚೀಲವಿರಲಿ

ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ನಿತ್ಯದ ಖರೀದಿ ಬಹುಮಟ್ಟಿಗೆ ಮನೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಕಚೇರಿಯಿಂದ ಮರಳುವಾಗ ರೈಲು ನಿಲ್ದಾಣದ ಹೊರಗೆ ತರಕಾರಿ, ಮೂಲೆಯ ಅಂಗಡಿಯಲ್ಲಿ ದಿನಸಿ, ಮರುದಿನದ ಪೂಜೆಗೆ ಹೂವು, ಮಕ್ಕಳಿಗೆ ಹಣ್ಣು. ಇವುಗಳಲ್ಲಿ ಯಾವುದನ್ನೂ ಕೊಳ್ಳಬೇಕೆಂದು ನಾವು ಬೆಳಗ್ಗೆ ನಿರ್ಧರಿಸಿ ಹೊರಟಿರುವುದಿಲ್ಲ. ಆದುದರಿಂದ ಕೈ ಬರಿದಾಗಿರುತ್ತದೆ. ಬರಿಗೈಯವರಿಗೆ ಚೀಲ ಒದಗಿಸುವ ಹೊಣೆ ಮಾರುವವರ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಚೀಲದ ಸಮಸ್ಯೆಯ ಮೂಲ ಇರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಮಹಾರಾಷ್ಟ್ರದಲ್ಲಿ 2018ರಿಂದ ಇಂತಹ ಚೀಲಗಳಿಗೆ ನಿಷೇಧವಿದ್ದರೂ ಅವು ಪೇಟೆಯಿಂದ ಪೂರ್ತಿಯಾಗಿ ಮರೆಯಾಗಿಲ್ಲ. ಈ ಚೀಲದ ಸ್ವರೂಪ, ಅದರಿಂದಾಗುವ ಹಾನಿ, ಕಾನೂನಿನ ನಿಲುವು ಹಾಗೂ ಮನೆಮಂದಿ ಅನುಸರಿಸಬಹುದಾದ ಕ್ರಮಗಳನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಒಂದೆಡೆ ಸಂಗ್ರಹಿಸಿ ಕೊಡುತ್ತಿದ್ದೇವೆ.

ಚೀಲದ ಹುಟ್ಟು

ಎರಡು ಹಿಡಿಗಳುಳ್ಳ, ತೋಳಿಲ್ಲದ ಬನಿಯನ್ನಿನ ಆಕಾರದ ಪ್ಲಾಸ್ಟಿಕ್ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್. ಸೆಲ್ಲೋಪ್ಲಾಸ್ಟ್ ಎಂಬ ಸಂಸ್ಥೆಗಾಗಿ ಅವರು ಸಿದ್ಧಪಡಿಸಿದ ಈ ವಿನ್ಯಾಸಕ್ಕೆ 1965ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಕೊಳವೆಯಂತಿರುವ ಪಾಲಿಥೀನ್ ಹಾಳೆಯನ್ನು ಚಪ್ಪಟೆ ಮಾಡಿ, ಮೇಲೂ ಕೆಳಗೂ ಶಾಖದಿಂದ ಬೆಸೆದು, ಹಿಡಿಗಾಗಿ ಒಂದು ತುಂಡನ್ನು ಕತ್ತರಿಸಿ ತೆಗೆದರೆ ಚೀಲ ಸಿದ್ಧ. ಹಗುರ, ಅಗ್ಗ, ನೀರಿಗೆ ಅಂಜದ್ದು. ತನ್ನ ತೂಕದ ನೂರಾರು ಪಟ್ಟು ಭಾರವನ್ನು ಹೊರಬಲ್ಲದು. ಇಷ್ಟು ಗುಣಗಳಿರುವ ವಸ್ತು ಜನಪ್ರಿಯವಾದುದರಲ್ಲಿ ಅಚ್ಚರಿಯಿಲ್ಲ. ವಿಪರ್ಯಾಸವೆಂದರೆ, ಬಹುಕಾಲ ಬಾಳುವ ವಸ್ತುವಿನಿಂದ ಮಾಡಿದ ಚೀಲವನ್ನು ನಾವು ಅಂಗಡಿಯಿಂದ ಅಡುಗೆಮನೆಯವರೆಗಿನ ಹತ್ತು ನಿಮಿಷಕ್ಕಾಗಿ ಮಾತ್ರ ಬಳಸುತ್ತೇವೆ.

ಮೈಕ್ರಾನ್ ಎಂಬ ಅಳತೆ

ಪ್ಲಾಸ್ಟಿಕ್ ಚೀಲದ ಚರ್ಚೆಯಲ್ಲಿ ಮೈಕ್ರಾನ್ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಕಾನೂನು ದಪ್ಪಕ್ಕೆ ಏಕೆ ಇಷ್ಟು ಮಹತ್ವ ಕೊಡುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ, 20 ಮೈಕ್ರಾನ್ ದಪ್ಪದ ಹಾಳೆಯ ಚೀಲವೊಂದರ ತೂಕ ಸುಮಾರು 4.5 ಗ್ರಾಂ. ಅಂದರೆ ಒಂದು ಕಿಲೋ ಆಗಬೇಕಾದರೆ ಸುಮಾರು 220 ಚೀಲಗಳು ಬೇಕು. ಅದೇ ಅಳತೆಯ ಚೀಲ 120 ಮೈಕ್ರಾನ್ ದಪ್ಪವಿದ್ದರೆ ಸುಮಾರು 37 ಚೀಲಗಳಿಗೇ ಒಂದು ಕಿಲೋ ಆಗುತ್ತದೆ.

ಕಸದಿಂದ ಆಯ್ದು ಮಾರಿ ಹೊಟ್ಟೆ ಹೊರೆಯುವವರು ಬಾಟಲಿ, ಡಬ್ಬಗಳನ್ನು ಬಿಡದೆ ಎತ್ತುತ್ತಾರೆ. ಆದರೆ ಕೊಳೆ ಮೆತ್ತಿದ 220 ಚೀಲಗಳನ್ನು ಬಗ್ಗಿ ಬಗ್ಗಿ ಹೆಕ್ಕಿದರೆ ದೊರೆಯುವುದು ಒಂದು ಕಿಲೋ ಮಾತ್ರ. ಆ ಶ್ರಮಕ್ಕೆ ತಕ್ಕ ಪ್ರತಿಫಲವಿಲ್ಲ. ತೆಳು ಚೀಲ ಬೀದಿಯಲ್ಲೇ ಉಳಿದು ಗಾಳಿಗೆ ಹಾರಿ ಚರಂಡಿ ಸೇರುವುದು ಈ ಕಾರಣದಿಂದ. ಚೀಲ ದಪ್ಪವಾದಷ್ಟೂ ಅದರ ಬೆಲೆ ಏರುತ್ತದೆ, ವ್ಯಾಪಾರಿ ಅದನ್ನು ಪುಕ್ಕಟೆಯಾಗಿ ಕೊಡಲು ಹಿಂಜರಿಯುತ್ತಾನೆ, ಎಸೆದರೂ ಎತ್ತಿಕೊಳ್ಳುವವರು ಇರುತ್ತಾರೆ. ಇದು ಕಾನೂನಿನ ಹಿಂದಿರುವ ತರ್ಕ.

ಮಳೆಗಾಲ ಕಲಿಸಿದ ಪಾಠ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಆ ದಿನವನ್ನು ಕಂಡವರಾರೂ ಅದನ್ನು ಮರೆತಿಲ್ಲ. ನಗರದ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು, ಅದೂ ಸಮುದ್ರದ ಇಳಿತದ ವೇಳೆಯಲ್ಲಿ, ಸಾಗಿಸುವಂತೆ ಕಟ್ಟಿದವು. ಅಂದಿನ ಅನಾಹುತಕ್ಕೆ ಪ್ಲಾಸ್ಟಿಕ್ ಚೀಲವೊಂದೇ ಕಾರಣವೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಅಸಾಧಾರಣ ಮಳೆ, ಭರತದ ವೇಳೆ, ಮೀಠಿ ನದಿಯ ಪಾತ್ರದ ಒತ್ತುವರಿ ಇವೆಲ್ಲವೂ ಕಾರಣಗಳಾಗಿದ್ದವು. ಆದರೆ ಮೊದಲೇ ಸಾಮರ್ಥ್ಯ ಸಾಲದ ಚರಂಡಿಯ ಬಾಯಿಗೆ ಚೀಲಗಳ ಪದರ ಅಡ್ಡ ಕೂತರೆ, ಹರಿಯಬಹುದಾದ ನೀರೂ ಹರಿಯದು. ಕಾಗದ, ಎಲೆ ಕೊಳೆತು ಹೋಗುತ್ತವೆ. ಪಾಲಿಥೀನ್ ಹಾಳೆ ಜರಡಿಗೆ ಅಂಟಿಕೊಂಡು ಮುಚ್ಚಳದಂತೆ ನಿಲ್ಲುತ್ತದೆ. ನೆರೆಯ ಬಾಂಗ್ಲಾದೇಶವೂ ಇಂತಹದೇ ಅನುಭವ ಕಂಡಿತ್ತು. ಅಲ್ಲಿ 1998ರ ಪ್ರವಾಹದಲ್ಲಿ ಚರಂಡಿಗಳು ಕಟ್ಟಿಕೊಂಡ ಮೇಲೆ, 2002ರಲ್ಲಿ ತೆಳು ಪಾಲಿಥೀನ್ ಚೀಲಗಳನ್ನು ದೇಶದಾದ್ಯಂತ ನಿಷೇಧಿಸಲಾಯಿತು.

ಹಾನಿಗೊಳಗಾಗುವ ಮತ್ತೊಂದು ಜೀವ ಬೀದಿಯ ದನ. ಉಳಿದ ಅನ್ನ, ತರಕಾರಿ ಸಿಪ್ಪೆಗಳನ್ನು ಚೀಲದಲ್ಲಿ ಕಟ್ಟಿ ಎಸೆದಾಗ ಹಸು ಅದನ್ನು ಬಿಚ್ಚಿ ತಿನ್ನಲಾರದು. ಚೀಲದ ಸಮೇತ ನುಂಗುತ್ತದೆ. ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿ ಪ್ಲಾಸ್ಟಿಕ್ ಜೀರ್ಣವಾಗದೆ, ಹೊರಗೂ ಹೋಗದೆ ಗಂಟುಗಟ್ಟುತ್ತದೆ. ಶಸ್ತ್ರಚಿಕಿತ್ಸೆಯಿಂದಲೇ ಅದನ್ನು ತೆಗೆಯಬೇಕಾಗುತ್ತದೆ.

ಕಾನೂನು ನಡೆದು ಬಂದ ದಾರಿ

ಕೇಂದ್ರ ಸರಕಾರವು 1999ರ ನಿಯಮಗಳಲ್ಲಿ ಚೀಲದ ಕನಿಷ್ಠ ದಪ್ಪವನ್ನು 20 ಮೈಕ್ರಾನ್ ಎಂದು ಗೊತ್ತುಪಡಿಸಿತು. ಅದು 2011ರಲ್ಲಿ 40 ಮೈಕ್ರಾನಿಗೂ, 2016ರಲ್ಲಿ 50 ಮೈಕ್ರಾನಿಗೂ ಏರಿತು. 2021ರ ಆಗಸ್ಟ್ 12ರ ತಿದ್ದುಪಡಿಯ ಪ್ರಕಾರ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಕನಿಷ್ಠ ದಪ್ಪವಾಯಿತು.

ರಾಜ್ಯಗಳು ಇದಕ್ಕಿಂತ ಕಠಿಣವಾದ ನಿಲುವು ತಳೆದಿವೆ. 2005ರ ಪ್ರವಾಹದ ಬಳಿಕ ಮಹಾರಾಷ್ಟ್ರವು 2006ರಲ್ಲಿ 50 ಮೈಕ್ರಾನಿಗಿಂತ ತೆಳುವಾದ ಚೀಲಗಳನ್ನು ನಿಷೇಧಿಸಿತು. 2018ರ ಮಾರ್ಚ್ 23ರ ಅಧಿಸೂಚನೆಯು ದಪ್ಪವನ್ನು ಲೆಕ್ಕಿಸದೆ, ಹಿಡಿಯಿದ್ದ ಹಾಗೂ ಹಿಡಿಯಿಲ್ಲದ ಎಲ್ಲ ಪ್ಲಾಸ್ಟಿಕ್ ಕೈಚೀಲಗಳನ್ನೂ ನಿಷೇಧಿಸಿತು. ಅದೇ ವರ್ಷದ ಜೂನ್ 23ರಿಂದ ದಂಡ ವಿಧಿಸುವುದು ಆರಂಭವಾಯಿತು. ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000 ರೂಪಾಯಿ, ಮೂರನೆಯ ಬಾರಿಗೆ 25,000 ರೂಪಾಯಿ ಹಾಗೂ ಮೂರು ತಿಂಗಳವರೆಗಿನ ಸೆರೆವಾಸ ಎಂದು ಗೊತ್ತಾಯಿತು. ಕರ್ನಾಟಕದಲ್ಲಿ 2016ರ ಮಾರ್ಚಿನಿಂದಲೇ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ರಜೆಯಲ್ಲಿ ಊರಿಗೆ ಹೋಗುವವರು ಇದನ್ನು ನೆನಪಿಡಬೇಕು. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ನಿಷೇಧ ಜಾರಿಗೆ ಬಂತು. ಅಲ್ಲಿನ ಸರಕಾರ 2021ರ ಡಿಸೆಂಬರಿನಲ್ಲಿ ಹಳದಿ ಬಟ್ಟೆಯ ಚೀಲವನ್ನು ಮತ್ತೆ ಬಳಕೆಗೆ ತರುವ ‘ಮೀಂಡುಂ ಮಂಜಪ್ಪೈ’ ಆಂದೋಲನವನ್ನು ಆರಂಭಿಸಿತು. ಹಳ್ಳಿಗರ ಗುರುತೆಂದು ಪಟ್ಟಣದವರು ಒಮ್ಮೆ ನಕ್ಕಿದ್ದ ಚೀಲಕ್ಕೆ ಹೀಗೆ ಮರ್ಯಾದೆ ದೊರೆಯಿತು.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ. ದಂಡದ ಭಾರ ಬಹುಪಾಲು ಬೀಳುವುದು ಬುಟ್ಟಿ ಇಟ್ಟು ಸೊಪ್ಪು ಮಾರುವವರ ಮೇಲೆ, ಕೈಗಾಡಿಯ ಹಣ್ಣಿನವರ ಮೇಲೆ. ಚೀಲ ಕೊಡದಿದ್ದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾರೆಂಬ ಭಯದಿಂದ ಅವರು ಅದನ್ನು ತರಕಾರಿಯ ಅಡಿಯಲ್ಲಿ ಬಚ್ಚಿಟ್ಟುಕೊಂಡಿರುತ್ತಾರೆ. ಕೇಳುವವರು ನಾವು, ದಂಡ ತೆರುವವರು ಅವರು. ಈ ಅನ್ಯಾಯವನ್ನು ತಪ್ಪಿಸುವ ಶಕ್ತಿ ಕೊಳ್ಳುವವರ ಕೈಯಲ್ಲಿದೆ.

ಬಟ್ಟೆಯಂತೆ ಕಾಣುವ ಪ್ಲಾಸ್ಟಿಕ್

ನಿಷೇಧದ ಬೆನ್ನಲ್ಲೇ ಬಣ್ಣಬಣ್ಣದ, ಮುಟ್ಟಿದರೆ ಬಟ್ಟೆಯಂತಿರುವ ಚೀಲಗಳು ಪೇಟೆಯನ್ನು ತುಂಬಿದವು. ನಾನ್‌ವೋವನ್ ಎಂದು ಕರೆಯಲಾಗುವ ಈ ಚೀಲಗಳನ್ನು ಅನೇಕರು ಬಟ್ಟೆಯದೆಂದೇ ನಂಬಿದ್ದಾರೆ. ಇವು ಮಗ್ಗದಲ್ಲಿ ನೇಯ್ದವಲ್ಲ. ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಹರಡಿ, ಶಾಖದಿಂದ ಒತ್ತಿ ಮಾಡಿದ ಹಾಳೆಗಳು. ಅಂಚನ್ನು ಹಿಡಿದು ಬೆಳಕಿಗೆ ಒಡ್ಡಿ ನೋಡಿದರೆ ಹಾಸು ಹೊಕ್ಕಿನ ನೂಲು ಕಾಣುವುದಿಲ್ಲ, ಸಾಲು ಸಾಲಾಗಿ ಒತ್ತಿದ ಚುಕ್ಕೆಗಳು ಕಾಣುತ್ತವೆ. ಬಿಸಿಲಿಗೆ ಇಟ್ಟರೆ ಕೆಲಕಾಲದಲ್ಲೇ ಪುಡಿಪುಡಿಯಾಗಿ ಉದುರುತ್ತವೆ; ಆ ಪುಡಿಯೂ ಪ್ಲಾಸ್ಟಿಕ್ಕೇ. ಮಹಾರಾಷ್ಟ್ರದ 2018ರ ಅಧಿಸೂಚನೆಯ ಪಟ್ಟಿಯಲ್ಲಿ ಇವುಗಳ ಹೆಸರೂ ಇತ್ತು. ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರವಾದ ನಾನ್‌ವೋವನ್ ಚೀಲಗಳನ್ನು ಕೇಂದ್ರವು 2021ರ ಸೆಪ್ಟೆಂಬರ್ 30ರಿಂದ ನಿಷೇಧಿಸಿತು.

ಹೊಸ ಬಟ್ಟೆಯ ಚೀಲಕ್ಕೂ ಬೆಲೆಯಿದೆ

ಹಾಗಾದರೆ ಅಂಗಡಿಯಿಂದ ಹತ್ತು ಹೊಸ ಹತ್ತಿಯ ಚೀಲಗಳನ್ನು ಕೊಂಡು ತಂದರೆ ಮುಗಿಯಿತೇ? ಇಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ, ಕೀಟನಾಶಕ ಬೇಕು. ನೂಲಲು, ನೇಯಲು ವಿದ್ಯುತ್ ಬೇಕು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಹವಾಮಾನದ ಮೇಲಿನ ಪರಿಣಾಮವನ್ನಷ್ಟೇ ಲೆಕ್ಕ ಹಿಡಿದರೆ, ಒಮ್ಮೆ ಬಳಸಿ ಎಸೆಯುವ ಸಾಧಾರಣ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಹತ್ತಿಯ ಚೀಲವನ್ನು 131 ಬಾರಿ, ಕಾಗದದ ಚೀಲವನ್ನು 3 ಬಾರಿ ಬಳಸಬೇಕು. ಚರಂಡಿ ಕಟ್ಟುವುದು, ದನಗಳು ನುಂಗುವುದು ಈ ಲೆಕ್ಕದಲ್ಲಿ ಬರುವುದಿಲ್ಲ. ಆದುದರಿಂದ ಪ್ಲಾಸ್ಟಿಕ್ ಚೀಲವೇ ಲೇಸೆಂದು ಇದರಿಂದ ತೀರ್ಮಾನಿಸಲಾಗದು. ಇದರಿಂದ ತಿಳಿಯುವ ಪಾಠ ಬೇರೆ: ಚೀಲ ಯಾವುದರಿಂದ ಆಗಿದೆ ಎಂಬುದಕ್ಕಿಂತ ಎಷ್ಟು ಸಲ ಪೇಟೆಗೆ ಹೋಗಿ ಬಂದಿದೆ ಎಂಬುದು ಮುಖ್ಯ. ವಾರಕ್ಕೆ ಮೂರು ಬಾರಿ ಬಳಸಿದರೆ ಹತ್ತಿಯ ಚೀಲ ಒಂದೇ ವರ್ಷದಲ್ಲಿ ಆ 131ನ್ನು ದಾಟುತ್ತದೆ. ಹಳೆಯ ಹೊದಿಕೆಯಿಂದಲೋ ಪ್ಯಾಂಟಿನಿಂದಲೋ ಹೊಲಿದ ಚೀಲಕ್ಕೆ ಹೊಸ ಹತ್ತಿಯೇ ಬೇಕಿಲ್ಲ. ನಮ್ಮ ಹಿಂದಿನವರು ಬಣ್ಣದ ಪ್ಲಾಸ್ಟಿಕ್ ವಯರಿನಿಂದ ಹೆಣೆದ ಬುಟ್ಟಿ ಪ್ಲಾಸ್ಟಿಕ್ಕಿನದೇ ಆದರೂ ವರ್ಷಗಟ್ಟಲೆ ಬಾಳುತ್ತದೆ. ಮಳೆಗಾಲದಲ್ಲಿ ಅದಕ್ಕಿಂತ ಅನುಕೂಲವಾದುದು ಮತ್ತೊಂದಿಲ್ಲ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮ

ಒಂದು ಮನೆಯವರು ವಾರಕ್ಕೆ ನಾಲ್ಕು ಬಾರಿ ಪೇಟೆಗೆ ಹೋಗಿ ಪ್ರತಿ ಬಾರಿ ಐದು ಚೀಲ ತಂದರೆಂದು ಭಾವಿಸೋಣ. ವರ್ಷಕ್ಕೆ 1,040 ಚೀಲಗಳಾದವು. ಐವತ್ತು ಮನೆಗಳ ಕಟ್ಟಡವೊಂದರಿಂದ 52,000. ಇದನ್ನು ತಗ್ಗಿಸಲು ದೊಡ್ಡ ಸಾಹಸವೇನೂ ಬೇಕಿಲ್ಲ.

ಮೊದಲನೆಯದಾಗಿ, ಚೀಲ ಇರಬೇಕಾದ ಸ್ಥಳ ಕಪಾಟು ಅಲ್ಲ. ಬಾಗಿಲ ಬಳಿಯ ಮೊಳೆಗೆ ಒಂದು, ಕಚೇರಿಗೆ ಹೋಗುವ ಪ್ರತಿಯೊಬ್ಬರ ಬ್ಯಾಗಿನಲ್ಲಿ ಮಡಚಿದ ಒಂದು, ಸ್ಕೂಟರಿನಲ್ಲೋ ಕಾರಿನಲ್ಲೋ ಒಂದು ಇರಲಿ. ಸಾಮಾನು ಇಳಿಸಿದ ಕೂಡಲೇ ಚೀಲವನ್ನು ಅದರ ಸ್ಥಳಕ್ಕೆ ಮರಳಿಸುವುದು ರೂಢಿಯಾಗಬೇಕು.

ಎರಡನೆಯದಾಗಿ, ಆಲೂಗಡ್ಡೆ, ಈರುಳ್ಳಿ, ಬದನೆಗಳಿಗೆ ಬೇರೆ ಬೇರೆ ಚೀಲ ಬೇಕಿಲ್ಲ. ತಕ್ಕಡಿಯಿಂದ ನೇರವಾಗಿ ನಮ್ಮ ಚೀಲಕ್ಕೇ ಸುರಿಸಿಕೊಳ್ಳಬಹುದು. ಗಟ್ಟಿಯಾದವು ಅಡಿಯಲ್ಲಿ, ಟೊಮೇಟೊ ಹಾಗೂ ಸೊಪ್ಪು ಮೇಲೆ ಬರುವಂತೆ ಕೊಳ್ಳುವ ಕ್ರಮವನ್ನು ಇರಿಸಿಕೊಂಡರೆ ಸಾಕು. ಹಸಿಮೆಣಸಿನಕಾಯಿ, ನಿಂಬೆಹಣ್ಣುಗಳಿಗೆ ಒಂದು ಪುಟ್ಟ ಸಂಚಿ ಇರಲಿ.

ಮೂರನೆಯದಾಗಿ, ದೋಸೆ ಹಿಟ್ಟು, ಮೊಸರು, ಮೀನು ಮುಂತಾದ ಹಸಿ ಪದಾರ್ಥಗಳಿಗೆ ಸ್ಟೀಲ್ ಡಬ್ಬವನ್ನು ಕೊಂಡೊಯ್ಯಬೇಕು. ತೂಗುವ ಮೊದಲೇ ಡಬ್ಬದ ತೂಕ ಕಳೆಯುವಂತೆ ಹೇಳಿದರೆ ತಕರಾರಿಗೆ ಎಡೆಯಿರದು. ಉಡುಪಿ ಕಡೆಯ ಮಲ್ಲಿಗೆ ಬಾಳೆಯ ಎಲೆಯಲ್ಲಿ, ಬಾಳೆನಾರಿನ ಕಟ್ಟಿನಲ್ಲಿ ಬಾಡದೆ ದೂರದೂರಿಗೆ ತಲುಪುವುದನ್ನು ನಮ್ಮವರು ಬಲ್ಲರು. ಹೂವಿಗೆ ಎಲೆಯ ಪೊಟ್ಟಣವನ್ನೇ ಕೇಳಿ ಪಡೆಯಬಹುದು.

ನಾಲ್ಕನೆಯದಾಗಿ, ಕಸ ಹಾಕಲು ಚೀಲ ಬೇಕಲ್ಲವೇ ಎಂಬ ಪ್ರಶ್ನೆ. ಹಸಿ ಕಸದ ಬುಟ್ಟಿಗೆ ಹಳೆಯ ವೃತ್ತಪತ್ರಿಕೆಯ ನಾಲ್ಕು ಹಾಳೆ ಹಾಸಿದರೆ ಬುಟ್ಟಿ ಅಂಟಾಗದು. ಕಸವನ್ನು ಕಟ್ಟಡದ ಡಬ್ಬಿಗೆ ಸುರಿದು ಬುಟ್ಟಿಯನ್ನು ತೊಳೆದಿಡಬಹುದು. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ತುಸು ಅಂಟಿರುವಂತೆಯೇ ಬಿಡಬೇಕು. ಇಲ್ಲವಾದರೆ ಆ ಚಿಕ್ಕ ತುಂಡು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ತೊಳೆದು ಒಣಗಿಸಿದ ಹಾಲಿನ ಕವರುಗಳನ್ನು ರದ್ದಿಯವರು ಕೊಳ್ಳುತ್ತಾರೆ. ಪ್ಲಾಸ್ಟಿಕ್ಕನ್ನು ಮಾತ್ರ ಎಂದೂ ಸುಡಬಾರದು. ಅದರ ಹೊಗೆ ವಿಷಕಾರಿ.

ಚೀಲ ಹೊಲಿಯುವವರಿಗೆ ಒಂದು ಅಳತೆ: 45 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಉದ್ದದ ದಪ್ಪ ಬಟ್ಟೆಯನ್ನು ಉದ್ದದಲ್ಲಿ ನಡುವೆ ಮಡಚಿ ಎರಡು ಬದಿ ಹೊಲಿದು, ಬಾಯಿಯ ಅಂಚನ್ನು ಮಡಚಿ ಹೊಲಿದು, 50 ಸೆಂಟಿಮೀಟರಿನ ಎರಡು ಪಟ್ಟಿಗಳನ್ನು ಹಿಡಿಯಾಗಿ ಜೋಡಿಸಬೇಕು. ಹಿಡಿ ಸೇರುವಲ್ಲಿ ಚೌಕಾಕಾರದ ಹೊಲಿಗೆ ಹಾಕಿ ಅದರೊಳಗೆ ಅಡ್ಡಡ್ಡ ಹೊಲಿದರೆ ಭಾರಕ್ಕೆ ಕಿತ್ತು ಬರದು.

ನಮ್ಮ ಸಮಾರಂಭಗಳಲ್ಲಿ

ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ತಾಂಬೂಲ ಕೊಡುವುದು ನಮ್ಮ ಸಂಪ್ರದಾಯ. ತೆಂಗಿನಕಾಯಿ, ವೀಳ್ಯದೆಲೆ, ಅಡಕೆಗಳನ್ನು ಇಂದು ಬಹುತೇಕ ನಾನ್‌ವೋವನ್ ಚೀಲಗಳಲ್ಲಿ ಹಾಕಿ ಕೊಡಲಾಗುತ್ತಿದೆ. ವಧೂವರರ ಹೆಸರು ದೊಡ್ಡದಾಗಿ ಅಚ್ಚಾದ ಚೀಲವನ್ನು ಪೇಟೆಗೆ ಒಯ್ಯಲು ಅನೇಕರು ಹಿಂಜರಿಯುತ್ತಾರೆ; ಹಾಸಿಗೆಯ ಕೆಳಗೆ ಅವು ರಾಶಿ ಬೀಳುತ್ತವೆ. ಅದರ ಬದಲು ನೇಯ್ದ ಬಟ್ಟೆಯ, ಗಟ್ಟಿ ಹಿಡಿಯ, ಹೆಸರನ್ನು ಒಳಬದಿಯಲ್ಲಿ ಚಿಕ್ಕದಾಗಿ ಬರೆಸಿದ ಚೀಲ ಕೊಟ್ಟರೆ ಅದು ವರ್ಷಗಟ್ಟಲೆ ಮನೆಯ ಕೆಲಸಕ್ಕೆ ಒದಗುತ್ತದೆ, ಕೊಟ್ಟವರ ನೆನಪೂ ಉಳಿಯುತ್ತದೆ. ಮನೆಗೊಂದೇ ತಾಂಬೂಲವೆಂದು ನಿರ್ಧರಿಸಿದರೆ ಖರ್ಚೂ ಹಿತಮಿತವಾಗುತ್ತದೆ.

ಕನ್ನಡ ಸಂಘಗಳ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಸ್ಮರಣಿಕೆಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೈಬಿಡುವುದು ಸುಲಭ. ರಾಜ್ಯೋತ್ಸವಕ್ಕೆ ಮುನ್ನ ಮಹಿಳಾ ವಿಭಾಗದ ಸದಸ್ಯೆಯರು ಹಳೆಯ ಬಟ್ಟೆಗಳನ್ನು ಸಂಗ್ರಹಿಸಿ ಚೀಲ ಹೊಲಿಯುವ ಒಂದು ದಿನವನ್ನು ಏರ್ಪಡಿಸಬಹುದು. ಹಾಗೆ ಹೊಲಿದ ಚೀಲಗಳನ್ನು ನಾವು ನಿತ್ಯ ತರಕಾರಿ ಕೊಳ್ಳುವವರಿಗೆ ಕೊಟ್ಟು, ಚೀಲ ಮರೆತು ಬಂದ ಗಿರಾಕಿಗೆ ಎರವಲು ಕೊಡುವಂತೆ ಕೇಳಿಕೊಂಡರೆ, ದಂಡದ ಭಯದಲ್ಲಿ ದಿನ ದೂಡುವ ಅವರಿಗೂ ಒಂದು ಆಸರೆಯಾದೀತು. ಸಂಘಗಳ ಪದಾಧಿಕಾರಿಗಳು ಈ ಸಲಹೆಯನ್ನು ತಮ್ಮ ಮುಂದಿನ ಸಭೆಯಲ್ಲಿ ಪರಿಶೀಲಿಸಬೇಕೆಂದು ನಾವು ವಿನಂತಿಸುತ್ತೇವೆ.