ಎಂಜಿನ್ ಮೂಗಿಗೆ ಬಟ್ಟೆ ಕಟ್ಟಿದವನು

ಮೆಕ್ಯಾನಿಕ್ ನನ್ನ ಹಳೇ ಜೀಪಿನ ಬಾನೆಟ್ ಎತ್ತಿ, ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿಚ್ಚಿ, ಒಳಗೆ ಬೆರಳು ಆಡಿಸಿ ತೆಗೆದರು. ಬೆರಳು ಕುಂಕುಮದಲ್ಲಿ ಅದ್ದಿದ ಹಾಗೆ ಕೆಂಪಗಿತ್ತು. “ಸಂಡೂರಿಗೆ ಹೋಗಿದ್ರಾ?” ಅಂದ್ರು. ಹೌದು ಅಂದೆ. ಅವರು ಬೆರಳನ್ನು ನನ್ನ ಮುಖದ ಮುಂದೆ ಹಿಡಿದು ಸುಮ್ಮನೆ ನಿಂತರು. ಬೈದಿದ್ದರೂ ಅಷ್ಟು ಬೇಜಾರಾಗ್ತಿರಲಿಲ್ಲ.

ತಪ್ಪು ನನ್ನದೇ. ಜೀಪಿನ ಜೊತೆ ಬಂದಿದ್ದ ಎಣ್ಣೆ ತುಂಬೋ ಕಬ್ಬಿಣದ ಫಿಲ್ಟರು ಅಜ್ಜನ ಕಾಲದ್ದು ಅನ್ನಿಸಿ ಕಿತ್ತು ಹಾಕಿದ್ದೆ. ಅದರ ಜಾಗಕ್ಕೆ ಅಡುಗೆಮನೆಯ ಸ್ಟೀಲ್ ಡಬ್ಬ, ಅದರೊಳಗೆ ಕಾರಿನ ಪೇಪರ್ ಫಿಲ್ಟರ್, ಎರಡು ಕ್ಲಾಂಪು, ಸುತ್ತ ಒಂದಿಷ್ಟು ಅಂಟು. ಒಂದು ಭಾನುವಾರದ ಕೆಲಸ. ಫೋಟೋ ಕೂಡ ಚೆನ್ನಾಗೇ ಬಂದಿತ್ತು. ಪೇಪರ್ ತನ್ನ ಕೆಲಸವನ್ನು ಸರಿಯಾಗೇ ಮಾಡಿದೆ. ಆದರೆ ಡಬ್ಬ ಮತ್ತು ಪೈಪು ಸೇರುವ ಕಡೆ ಉಗುರಿನಷ್ಟು ಸಂದು ಉಳಿದಿತ್ತು. ಗಾಳಿ ನಮ್ಮ ಹಾಗೇ ಸೋಮಾರಿ, ಸುಲಭದ ದಾರಿ ಬಿಟ್ಟು ಕಷ್ಟದ ದಾರಿ ಹಿಡಿಯೋದಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ. ಎರಡು ಲೀಟರಿನ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಹೆಚ್ಚುಕಮ್ಮಿ ಎರಡು ಲೀಟರ್ ಗಾಳಿ ಎಳೆಯುತ್ತೆ. ನಿಮಿಷಕ್ಕೆ 3000 ಸುತ್ತು ಅಂದ್ರೆ ಸುಮಾರು 3000 ಲೀಟರ್. ಮನೆ ಮೇಲಿರೋ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇದೆಯಲ್ಲ, ಅಂಥ ಮೂರು ಟ್ಯಾಂಕಿನಷ್ಟು ಗಾಳಿ, ಪ್ರತಿ ನಿಮಿಷ. ಮುಂದೆ ಹೋಗುವ ಗಾಡಿ ಎಬ್ಬಿಸಿದ ಧೂಳಿನಲ್ಲಿ ಅರ್ಧ ದಿನ ಓಡಿಸಿದರೆ ಏನಾಗುತ್ತೆ ನೀವೇ ಹೇಳಿ. ಮಣ್ಣಿನ ಧೂಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ. ಗಾಜನ್ನೇ ಗೀಚುವ ವಸ್ತು ಅದು, ಸಿಲಿಂಡರಿನ ಕಬ್ಬಿಣ ಅದಕ್ಕೆ ಮೆದು. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಪಿಸ್ಟನ್ ರಿಂಗು ಮತ್ತು ಗೋಡೆಯ ಮಧ್ಯೆ ಕೂತು, ಎಣ್ಣೆ ಜೊತೆ ಕಲೆತು, ಸಾಣೆ ಹಿಡಿದ ಹಾಗೆ ಉಜ್ಜುತ್ತಾ ಹೋಗುತ್ತೆ. ನನ್ನ ಜೀಪು ನೀಲಿ ಹೊಗೆ ಬಿಡೋಕೆ ಶುರು ಮಾಡಿದ್ದು ಇದರಿಂದಲೇ.

ಮನೇಲೇ ಫಿಲ್ಟರ್ ಮಾಡಿ ಪೆಟ್ಟು ತಿಂದವನಿಗೆ ಸಹಜವಾಗಿ ಬರುವ ಪ್ರಶ್ನೆ: ನನಗಿಂತ ಮುಂಚೆ ಇದನ್ನ ಯಾರು ಮಾಡಿದ್ರು? ಹುಡುಕುತ್ತಾ ಹೋದೆ. ಸಿಕ್ಕಿದ್ದು ಜೀಪಲ್ಲ, ಟ್ರ್ಯಾಕ್ಟರ್. ರಸ್ತೆ ಬಿಟ್ಟು ಓಡುವ ಗಾಡಿಗಳಲ್ಲಿ ಅದೇ ತಾನೇ ಹಿರಿಯಣ್ಣ!

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಬುಲ್ ಟ್ರ್ಯಾಕ್ಟರ್ ಅಂತ ಒಂದು ಕಂಪನಿ ಇತ್ತು. ಆಗಿನ ಟ್ರ್ಯಾಕ್ಟರುಗಳು ಆನೆ ಗಾತ್ರದವು, ಬೆಲೆಯೂ ಹಾಗೇ. ಇವರು ‘ಲಿಟಲ್ ಬುಲ್’ ಅನ್ನುವ ಮೂರು ಚಕ್ರದ ಪುಟ್ಟ ಯಂತ್ರವನ್ನು 335 ಡಾಲರಿಗೆ ಮಾರುಕಟ್ಟೆಗೆ ಬಿಟ್ಟರು. ಎಳೆಯೋದು ಒಂದೇ ಚಕ್ರ, ಅದು ನೇಗಿಲಿನ ಸಾಲಿನಲ್ಲಿ ಇಳಿದು ಓಡಬೇಕು. 1914ರಲ್ಲಿ ರೈತರು ಮುಗಿಬಿದ್ದು ಕೊಂಡರು. ಇವತ್ತಿನ ಭಾಷೆಯಲ್ಲಿ ಅದೊಂದು ಭರ್ಜರಿ ಸ್ಟಾರ್ಟಪ್: ಬೆಲೆ ಕಮ್ಮಿ, ಬೆಳವಣಿಗೆ ಜೋರು, ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ.

ಆ ಕಂಪನಿಯ ಸೇಲ್ಸ್‌ಮನ್ ಫ್ರಾಂಕ್ ಡೊನಾಲ್ಡ್‌ಸನ್. 1915ರಲ್ಲಿ ಯೂಟಾದ ಒಬ್ಬ ರೈತನ ಟ್ರ್ಯಾಕ್ಟರ್ ಮತ್ತೆ ಮತ್ತೆ ಕೆಡ್ತಿದೆ ಅಂತ ಈತ ನೋಡೋಕೆ ಹೋದ. ಒಣ ನಾಡು, ಉಳುವಾಗ ಧೂಳೋ ಧೂಳು. ಎಂಜಿನ್ ಅದನ್ನೇ ಉಸಿರಾಡ್ತಾ ಒಳಗೊಳಗೇ ಸವೆದುಹೋಗ್ತಿತ್ತು. ಡೊನಾಲ್ಡ್‌ಸನ್ ತಂತಿಯ ಪಂಜರ ಮಾಡಿ, ಅದಕ್ಕೆ ದಪ್ಪ ಮೆತ್ತನೆ ಬಟ್ಟೆ ಸುತ್ತಿ ಎಂಜಿನ್ ಉಸಿರಾಡುವ ಬಾಯಿಗೆ ಸಿಕ್ಕಿಸಿದ. ನಾವು ಧೂಳಲ್ಲಿ ಬೈಕ್ ಓಡಿಸುವಾಗ ಮೂಗಿಗೆ ಕರ್ಚೀಫ್ ಕಟ್ಟಿಕೊಳ್ತೀವಲ್ಲ, ಅಷ್ಟೇ. ಎಂಜಿನ್ ಕೆಡೋದು ನಿಂತಿತು.

ಆ ತಂತಿ ಪಂಜರದ ಮರ್ಮ ನನಗೆ ಅರ್ಥ ಆಗಿದ್ದು ಸ್ಟೀಲ್ ಡಬ್ಬ ಕಟ್ಟಿ ಸೋತ ಮೇಲೆ. ಬರೀ ಬಟ್ಟೆ ಕಟ್ಟಿದರೆ ಎಂಜಿನ್ ಎಳೆತಕ್ಕೆ ಬಟ್ಟೆಯೇ ಒಳಗೆ ಮಡಚಿಕೊಂಡು ಬಾಯಿ ಮುಚ್ಚಿಹೋಗುತ್ತೆ, ಇಲ್ಲಾ ಹರಿದು ಚೂರು ಒಳಗೆ ಸೇರುತ್ತೆ. ಪಂಜರ ಇದ್ದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತೆ. ಗಾಳಿ ನುಗ್ಗುವ ಮೈ ದೊಡ್ಡದಾಗಿ ಒಂದೊಂದು ಜಾಗದಲ್ಲೂ ನಿಧಾನವಾಗುತ್ತೆ. ಆಗ ಧೂಳು ಹೊರಗೇ ಉಳಿಯುತ್ತೆ, ಎಂಜಿನ್‌ಗೂ ಉಸಿರು ಕಟ್ಟೋದಿಲ್ಲ. ಇವತ್ತಿನ ಫಿಲ್ಟರ್ ಪೇಪರನ್ನು ಬೀಸಣಿಗೆ ಥರ ಮಡಚಿ ಮಡಚಿ ಇಟ್ಟಿರೋದೂ ಈ ಮೈ ಹೆಚ್ಚಿಸೋ ಕೆಲಸಕ್ಕೇ.

ಈಗ ಕಥೆಯ ಮುಖ್ಯ ಭಾಗ. ಡೊನಾಲ್ಡ್‌ಸನ್ ವಾಪಸ್ ಬಂದು ಕಂಪನಿಗೆ ವಿಷಯ ಹೇಳಿದ. ಸಮಸ್ಯೆ ಇದು, ಪರಿಹಾರ ಇದು, ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು. ಕಂಪನಿ ಅವನನ್ನು ಕೆಲಸದಿಂದ ತೆಗೆದುಹಾಕಿತು! ಫಿಲ್ಟರ್ ಹಾಕಿದರೆ ನಮ್ಮ ಟ್ರ್ಯಾಕ್ಟರಿನಲ್ಲಿ ದೋಷ ಇದೆ ಅಂತ ನಾವೇ ಒಪ್ಪಿಕೊಂಡ ಹಾಗಲ್ಲವೇ ಅನ್ನೋದು ಅವರ ವಾದ. ಡೊನಾಲ್ಡ್‌ಸನ್ ಮನೆಯವರು ಮುಂದೆ ಕಟ್ಟಿದ ಕಂಪನಿ ಇವತ್ತಿಗೂ ತನ್ನ ಹುಟ್ಟಿನ ಕಥೆಯಾಗಿ ಹೇಳಿಕೊಳ್ಳೋದು ಇದನ್ನೇ.

ಇದನ್ನು ಓದಿದಾಗ ನನ್ನ ಮೊದಲ ಕೆಲಸ ನೆನಪಾಯ್ತು. ರಿಲೀಸಿಗೆ ಎರಡು ದಿನ ಇದ್ದಾಗ ನಾನೊಂದು ದೋಷ ಹಿಡಿದು ಹೇಳಿದ್ದೆ. “ಕ್ಲೈಂಟ್ ನೋಡೋ ಲಿಸ್ಟಲ್ಲಿ ಯಾಕೆ ಹಾಕಿದೆ?” ಅನ್ನೋದು ನನಗೆ ಬಂದ ಮೊದಲ ಪ್ರಶ್ನೆ. ದೋಷ ಏನು ಅನ್ನೋದು ಎರಡನೆಯದು. ನನ್ನ ಕೆಲಸ ಹೋಗಲಿಲ್ಲ, ಯಾಕಂದ್ರೆ ಲಿಸ್ಟಿನಿಂದ ಅದನ್ನು ನಾನೇ ತೆಗೆದೆ.

ಡೊನಾಲ್ಡ್‌ಸನ್ ತೆಗೆಯಲಿಲ್ಲ. ಅದೇ ವರ್ಷ ಅಪ್ಪ ಮತ್ತು ಸಹೋದರನ ಜೊತೆ ಸೇರಿ ಸ್ವಂತ ಕಂಪನಿ ಶುರು ಮಾಡಿದ. ಅವರು ಮೊದಲು ಮಾರಿದ್ದರ ಹೆಸರು ‘ಟ್ವಿಸ್ಟರ್’. ಓರೆ ರೆಕ್ಕೆಗಳ ಮೂಲಕ ಗಾಳಿಯನ್ನು ಗಿರ್ರನೆ ತಿರುಗಿಸಿ, ಭಾರದ ಧೂಳನ್ನು ಹೊರಕ್ಕೆ ಎಸೆಯುವ ಉಪಾಯ. ಹಳ್ಳಿ ಕಡೆ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಅಣಬೆ ಥರ ಒಂದು ಟೋಪಿ ನಿಂತಿರೋದನ್ನ ನೋಡಿದೀರಲ್ಲ, ಅದು ಈ ಉಪಾಯದ್ದೇ ವಂಶ.

ಇನ್ನು ಬುಲ್ ಕಂಪನಿ. ನೆಬ್ರಾಸ್ಕಾದಲ್ಲಿ ವಿಲ್ಮಟ್ ಕ್ರೋಜಿಯರ್ ಅಂತ ಒಬ್ಬ ರೈತ ಇದ್ದ. ಮೊದಲು ಅವನು ‘ಫೋರ್ಡ್’ ಅನ್ನೋ ಹೆಸರು ನಂಬಿ ಟ್ರ್ಯಾಕ್ಟರ್ ಕೊಂಡ. ಅದು ಹೆನ್ರಿ ಫೋರ್ಡ್‌ನದ್ದಲ್ಲ, ಮಿನಿಯಾಪೊಲಿಸ್‌ನ ಬೇರೆ ಯಾರೋ ಆ ಹೆಸರಿಟ್ಟುಕೊಂಡು ಮಾರಿದ್ದು. ಅದು ಕೈಕೊಟ್ಟಿತು. ಆಮೇಲೆ ಸೆಕೆಂಡ್ ಹ್ಯಾಂಡ್ ಬುಲ್ ತಗೊಂಡ, ಅದೂ ಕೈಕೊಟ್ಟಿತು. ಅದು ಕೆಟ್ಟಿದ್ದು ಧೂಳಿನಿಂದಲೇ ಅಂತ ನಾನು ಹೇಳ್ತಿಲ್ಲ, ಕೆಡೋಕೆ ಅದಕ್ಕೆ ಬೇರೆ ದಾರಿಗಳೂ ಇದ್ದವು. ಮೂರನೆಯದಾಗಿ ಕೊಂಡ ರೂಮ್ಲಿ ಮಾತ್ರ ಹೇಳಿದ್ದಷ್ಟು ಕೆಲಸ ಮಾಡಿತು. ಎರಡು ಸಲ ಟೋಪಿ ಹಾಕಿಸಿಕೊಂಡ ಈ ರೈತ ರಾಜ್ಯದ ಶಾಸನಸಭೆಗೆ ಆರಿಸಿ ಹೋದ. 1919ರಲ್ಲಿ ಕಾನೂನು ಬಂತು: ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಆಗದ ಟ್ರ್ಯಾಕ್ಟರನ್ನು ನೆಬ್ರಾಸ್ಕಾದಲ್ಲಿ ಮಾರೋ ಹಾಗಿಲ್ಲ, ಮಾರಿದ ಕಂಪನಿ ರಾಜ್ಯದಲ್ಲೇ ಬಿಡಿಭಾಗ ಇಟ್ಟಿರಬೇಕು. 1920ರಲ್ಲಿ ಮೊದಲ ಪರೀಕ್ಷೆ ಪಾಸಾಗಿದ್ದು ವಾಟರ್ಲೂ ಬಾಯ್. ಆ ಪ್ರಯೋಗಾಲಯ ಇವತ್ತಿಗೂ ಟ್ರ್ಯಾಕ್ಟರ್ ಪರೀಕ್ಷಿಸುತ್ತೆ. ಆ ಹೊತ್ತಿಗೆ ಬುಲ್ ಕಂಪನಿ ಕಥೆ ಮುಗಿಯುತ್ತಾ ಬಂದಿತ್ತು.

ನಾನು ಕಿತ್ತು ಹಾಕಿದ ಆ ಎಣ್ಣೆ ಡಬ್ಬವೂ ಇದೇ ಚರಿತ್ರೆಯ ಇನ್ನೊಂದು ಕೊಂಡಿ. ಗಾಳಿ ಮೇಲಿಂದ ಇಳಿದು, ಎಣ್ಣೆಯ ಹತ್ತಿರ ಬಂದು, ತಟ್ಟನೆ ಮೇಲಕ್ಕೆ ತಿರುಗಬೇಕು. ಧೂಳಿಗೆ ಅಷ್ಟು ಬೇಗ ತಿರುಗೋಕಾಗದೆ ಎಣ್ಣೆಗೆ ಬೀಳುತ್ತೆ. ಉಳಿದದ್ದನ್ನು ಎಣ್ಣೆ ನೆನೆದ ತಂತಿ ಜಾಲರಿ ಹಿಡಿಯುತ್ತೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಇದೇ ಇದ್ದದ್ದು. 1947ರಿಂದ ಮಹೀಂದ್ರದವರು ಇಲ್ಲಿ ಜೋಡಿಸಿದ್ದು ಅದೇ ವಿಲ್ಲಿಸ್ ಜೀಪುಗಳನ್ನ. ಪೇಪರ್ ಫಿಲ್ಟರ್ ಇದಕ್ಕಿಂತ ಸಣ್ಣ ಕಣ ಹಿಡಿಯುತ್ತೆ, ನಿಜ. ಆದರೆ ಎಣ್ಣೆ ಡಬ್ಬದಲ್ಲಿ ಉಗುರಿನಷ್ಟು ಸಂದು ಇರಲಿಲ್ಲ.

ಅದನ್ನು ಅಟ್ಟದಿಂದ ಇಳಿಸಿ, ತೊಳೆದು, ಹೊಸ ಎಣ್ಣೆ ಹಾಕಿ ಮತ್ತೆ ಕೂರಿಸಿದೀನಿ. ಪೈಪಿನ ಒಳಗೆ ಈಗ ಬೆರಳಾಡಿಸಿದರೆ ಏನೂ ಅಂಟಲ್ಲ. ಸವೆದ ಎಂಜಿನ್ ಮಾತ್ರ ಸವೆದೇ ಇದೆ.

ಜೀಪು ಮಾರಾಟಕ್ಕಿಟ್ಟಿದ್ದೆ. ಹೋದ ಭಾನುವಾರ ಒಬ್ಬರು ನೋಡೋಕೆ ಬಂದ್ರು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡದಿದ್ದರೆ ನೀಲಿ ಹೊಗೆ ಅಷ್ಟಾಗಿ ಕಾಣಲ್ಲ, ಹಾಗಾಗಿ ಅವರನ್ನ ಮಧ್ಯಾಹ್ನ ಬರೋಕೆ ಹೇಳಿ, ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟಿದ್ದೆ. ಅವರು ಬಾನೆಟ್ ಎತ್ತಿ, “ಎಂಜಿನ್ ಹೇಗಿದೆ ಸಾರ್?” ಅಂತ ಕೇಳಿದ್ರು. ಚೆನ್ನಾಗಿದೆ ಅನ್ನೋಕೆ ಬಾಯಿ ತೆರೆದವನು ಒಳಗೆ ಹೋಗಿ ಸ್ಟೀಲ್ ಡಬ್ಬ ತಂದು ಅವರ ಕೈಗೆ ಕೊಟ್ಟೆ. ಸಂದು ತೋರಿಸಿದೆ. ಅವರು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ್ರು, ಅಂಚಿನಲ್ಲಿ ಉಳಿದಿದ್ದ ಕೆಂಪನ್ನು ಉಗುರಲ್ಲಿ ಕೆರೆದ್ರು. ಮನೇಲಿ ಮಾತಾಡಿ ಫೋನ್ ಮಾಡ್ತೀನಿ ಅಂತ ಹೋದ್ರು. ಡಬ್ಬ ಕೂಡ ಅವರ ಕೈಯಲ್ಲೇ ಹೋಯ್ತು. ವಾಪಸ್ ಕೇಳೋದು ನನಗೂ ಮರೆತುಹೋಯ್ತು.