ಹಳೆಯ ಆಟ, ಹೊಸ ಯಂತ್ರ

ಆಡೂರಿನಲ್ಲಿ ದೊರೆತ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನವನ್ನು ನಮ್ಮಲ್ಲಿ ಹೆಚ್ಚಿನವರು ಕಲ್ಲಿನಿಂದ ನೇರವಾಗಿ ಓದಲಾರೆವು. ಇಂದಿನ ಅಕ್ಷರಗಳಿಗೆ ಇಳಿಸಿದ ಪಾಠವನ್ನಷ್ಟೇ ಓದಬಲ್ಲೆವು. ಗಣಕದ ಆಟಗಳಿಗೂ ಇಂಥ ಲಿಪ್ಯಂತರದ ಇತಿಹಾಸವುಂಟು.

1993ರ ಡಿಸೆಂಬರ್‌ನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು ‘ಡೂಮ್’ ಆಟವನ್ನು ಹೊರತಂದಿತು. ಆಡುವವನ ಕಣ್ಣಿಗೆ ಕಾಣುವಂತೆಯೇ ರಂಗವನ್ನು ತೋರಿಸುವ, ಬಂದೂಕು ಹಿಡಿದು ದೈತ್ಯರನ್ನು ಎದುರಿಸುವ ಆಟವದು. ಡಾಸ್ ಗಣಕಗಳಿಗಾಗಿ ಹೊರಬಂದ ಈ ಆಟವು ಡಾಸ್‌ನೊಂದಿಗೇ ಮರೆಯಾಗಬಹುದಿತ್ತು. ಆದರೆ 1997ರ ಡಿಸೆಂಬರ್‌ನಲ್ಲಿ ಅದರ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದರ ಮೂಲ ಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ನಕ್ಷೆ, ಚಿತ್ರ, ಧ್ವನಿಗಳು ‘ವ್ಯಾಡ್’ ಎಂಬ ಬೇರೆಯೇ ಕಡತದಲ್ಲಿದ್ದವು. ಹೊಸ ಯಂತ್ರಕ್ಕೆ ಒಯ್ಯುವವರು ಅವನ್ನು ಮುಟ್ಟದೆ, ಪರದೆ, ಧ್ವನಿ ಹಾಗೂ ಕೀಲಿಗಳೊಡನೆ ವ್ಯವಹರಿಸುವ ಭಾಗವನ್ನು ಮಾತ್ರ ಹೊಸದಾಗಿ ಬರೆದರು. ಮೊಬೈಲಿನಲ್ಲಿ ಕೀಲಿಗಳಿಲ್ಲ, ಗಾಜಿನ ಮೇಲೆಯೇ ಗುಂಡಿಗಳನ್ನು ಚಿತ್ರಿಸಿದರು. ಗುರಿಯನ್ನು ಮೇಲೆ ಕೆಳಗೆ ಹೊಂದಿಸುವ ಕೆಲಸವನ್ನು ಆಟವೇ ಮಾಡುತ್ತಿದ್ದುದರಿಂದ ಕೆಲವೇ ಗುಂಡಿಗಳು ಸಾಕಾದವು. 2009ರಲ್ಲಿ ಐಫೋನಿಗೂ 2019ರಲ್ಲಿ ಆಂಡ್ರಾಯ್ಡ್ ಮೊಬೈಲ್ ಹಾಗೂ ಟಿ.ವಿ.ಗೆ ಜೋಡಿಸುವ ಹೊಸ ಆಟದ ಪೆಟ್ಟಿಗೆಗಳಿಗೂ ಅಧಿಕೃತ ಆವೃತ್ತಿಗಳು ಬಂದವು.

ಈ ಚರಿತ್ರೆಯ ಪಾಠ ಆಟಕ್ಕಷ್ಟೇ ಸೀಮಿತವಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕನ್ನಡ ಕಡತಗಳು ಯೂನಿಕೋಡ್‌ಗೆ ಪರಿವರ್ತನೆಯಾಗದಿದ್ದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಪರಿವರ್ತಕಗಳು ಕೈಗೆಟಕುವ ಈ ದಿನಗಳಲ್ಲಿಯೇ, ನಿಮ್ಮ ಹಿರಿಯರ ಬರಹಗಳು ಹಳೆಯ ಗಣಕದಲ್ಲಿದ್ದರೆ ಹೊಸ ಲಿಪಿವ್ಯವಸ್ಥೆಗೆ ತಂದಿಡಿರಿ.