ಬೈಲಕುಪ್ಪೆಯ ಕ್ಯಾಂಪು, ನಾಗರಹೊಳೆಯ ಹಾಡಿ: ಒಂದೇ ಜಿಲ್ಲೆಯ ಎರಡು ಲೆಕ್ಕ

ಮೈಸೂರು ನಗರದ ಜನ ಪ್ರತಿ ವರ್ಷ ಎರಡು ಸಮುದಾಯಗಳನ್ನು ಹತ್ತಿರದಿಂದ ನೋಡುತ್ತಾರೆ.

ದಸರೆಗೆ ಮುಂಚೆ ಆನೆಗಳು ಅರಮನೆಗೆ ಬರುತ್ತವೆ. ಜೊತೆಗೆ ಮಾವುತರು, ಕಾವಾಡಿಗಳು, ಅವರ ಹೆಂಡತಿ ಮಕ್ಕಳು. ಅರಮನೆ ಆವರಣದಲ್ಲೇ ತಾತ್ಕಾಲಿಕ ಬಿಡಾರ, ಮಕ್ಕಳಿಗೆ ಟೆಂಟ್ ಶಾಲೆ. ಇವರಲ್ಲಿ ಬಹಳ ಮಂದಿ ಜೇನು ಕುರುಬರು. ಜಂಬೂಸವಾರಿ ಮುಗಿದ ಮೇಲೆ ಮತ್ತೆ ಲಾರಿ ಹತ್ತಿ ಕಾಡಂಚಿಗೆ ವಾಪಸು.

ಅವರು ಹೋಗಿ ಸ್ವಲ್ಪ ದಿನಕ್ಕೆ ಚಳಿ ಶುರುವಾಗುತ್ತದೆ. ಆಗ ಸ್ವೆಟರ್ ಮಾರುವ ಟಿಬೆಟನ್ನರು ಅಂಗಡಿ ಹಾಕುತ್ತಾರೆ.

ಇಬ್ಬರೂ ತಮ್ಮ ನೆಲ ಕಳೆದುಕೊಂಡವರೇ. ಇಬ್ಬರಿಗೂ ಹೊಸ ಬದುಕು ಕಟ್ಟಿಕೊಡುವ ಹೊಣೆ ಹೊತ್ತದ್ದು ಒಂದೇ ರಾಜ್ಯ ಸರ್ಕಾರ, ಬಹುಪಾಲು ಇದೇ ಮೈಸೂರು ಜಿಲ್ಲೆಯಲ್ಲಿ. ಆದರೆ ಇವತ್ತು ಬೈಲಕುಪ್ಪೆಯ ಕ್ಯಾಂಪನ್ನೂ ಹುಣಸೂರು, ಎಚ್.ಡಿ. ಕೋಟೆ ಕಡೆಯ ಹಾಡಿಗಳನ್ನೂ ನೋಡಿದವರಿಗೆ ಅಜಗಜಾಂತರ ಕಾಣುತ್ತದೆ.

"ಹೊರದೇಶದಿಂದ ಬಂದವರಿಗೆ ಎಲ್ಲಾ ಕೊಟ್ಟರು, ನಮ್ಮ ಕಾಡಿನವರಿಗೆ ಏನೂ ಕೊಡಲಿಲ್ಲ." ಈ ಮಾತನ್ನು ನೀವೂ ಕೇಳಿರುತ್ತೀರಿ. ಪಿರಿಯಾಪಟ್ಟಣ, ಹುಣಸೂರು ಕಡೆ ಟೀ ಅಂಗಡಿಯಲ್ಲಿ ಕೂತರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಈ ಮಾತು ಎಷ್ಟು ನಿಜ ಅಂತ ಇತಿಹಾಸ ಇಟ್ಟುಕೊಂಡು ನೋಡೋಣ ಅನ್ನಿಸಿತು ನಮಗೆ. ನೋಡಿದ ಮೇಲೆ ಗೊತ್ತಾಗಿದ್ದು, ಅದು ಅರ್ಧ ನಿಜ, ಅರ್ಧ ತಪ್ಪು.

ಬೈಲಕುಪ್ಪೆ, 1960

1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಮೊದಮೊದಲು ಹಲವರಿಗೆ ಸಿಕ್ಕಿದ್ದು ಉತ್ತರದ ಬೆಟ್ಟಗಳಲ್ಲಿ ರಸ್ತೆ ಮಾಡುವ ಕೂಲಿ. ಇವರಿಗೆ ನೆಲೆ ಕೊಡಿ ಅಂತ ಪ್ರಧಾನಿ ನೆಹರು ರಾಜ್ಯಗಳನ್ನು ಕೇಳಿದರು. ಮುಂದೆ ಬಂದು ದೊಡ್ಡ ಜಾಗ ಕೊಟ್ಟದ್ದು ನಮ್ಮ ಮೈಸೂರು ರಾಜ್ಯ. ಈ ನೆರವಿಗಾಗಿ ದಲೈ ಲಾಮಾ ಎಸ್. ನಿಜಲಿಂಗಪ್ಪನವರ ಹೆಸರನ್ನು ಹಲವು ಸಲ ನೆನೆದಿದ್ದಾರೆ.

ಜಾಗ ಸಿಕ್ಕಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಸುಮಾರು 3,000 ಎಕರೆ. ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ 80 ಕಿಲೋಮೀಟರ್ ಆಸುಪಾಸು. ಇವತ್ತು ಅಲ್ಲಿ ಚಿನ್ನದ ಬಣ್ಣದ ದೇವಸ್ಥಾನ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. 1960ರಲ್ಲಿ ಅದು ಕಾಡು. ಮೊದಲ ತಂಡ ಬಂದು ಬಿದಿರಿನ ಗುಡಿಸಲು, ಟೆಂಟುಗಳಲ್ಲಿ ಇತ್ತು. ಮರ ಕಡಿದು, ಬೇರು ಕಿತ್ತು, ನೆಲ ಹದ ಮಾಡಿದ್ದು ಅವರೇ. ಹಿಮದ ನಾಡಿನಿಂದ ಬಂದವರಿಗೆ ಇಲ್ಲಿನ ಸೆಖೆ ತಡೆಯಲಾಗಲಿಲ್ಲ. ಕಾಯಿಲೆಯಿಂದ ಸತ್ತವರಿದ್ದಾರೆ. ಕಟ್ಟಿದ ಗುಡಿಸಲಿಗೆ ಆನೆ ನುಗ್ಗುತ್ತಿತ್ತು.

ಹೀಗೆ 1961ರ ಹೊತ್ತಿಗೆ ಲುಗ್ಸುಂಗ್ ಸಾಮ್ಡುಪ್ಲಿಂಗ್ ಎಂಬ ನೆಲೆ ನಿಂತಿತು. ಭಾರತದಲ್ಲಿ ಟಿಬೆಟನ್ನರ ಮೊದಲ ಬೇಸಾಯದ ನೆಲೆ ಇದು. ಆಮೇಲೆ ಬೈಲಕುಪ್ಪೆಯಲ್ಲೇ ಇನ್ನೊಂದು, ಮುಂಡಗೋಡಿನಲ್ಲಿ ಒಂದು, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಒಂದು, ಕೊಳ್ಳೇಗಾಲ ಕಡೆ ಒಡೆಯರಪಾಳ್ಯದಲ್ಲಿ ಒಂದು ನೆಲೆ ಬಂತು.

ಕೊಟ್ಟ ಭೂಮಿ ತಲೆಗೆ ಒಂದು ಎಕರೆಯ ಆಸುಪಾಸು. ನಮ್ಮ ಕಡೆಯ ಒಬ್ಬ ಸಣ್ಣ ರೈತನ ಜಮೀನಿಗಿಂತ ಹೆಚ್ಚೇನೂ ಅಲ್ಲ. ನೀರಾವರಿಯೂ ಇಲ್ಲ, ಮಳೆ ನಂಬಿಕೊಂಡು ಮುಸುಕಿನ ಜೋಳ. ಹಾಗಾದರೆ ಅವರು ಎದ್ದು ನಿಂತದ್ದು ಹೇಗೆ?

ಭೂಮಿಯ ಸುತ್ತ ಕಟ್ಟಿದ್ದರಿಂದ. ಸಹಕಾರ ಸಂಘ ಬಂತು. ಬೀಜ, ಗೊಬ್ಬರ, ಟ್ರಾಕ್ಟರ್, ಜೋಳದ ಮಾರಾಟ ಎಲ್ಲವೂ ಸಂಘದ ಮೂಲಕ. ಟಿಬೆಟನ್ ಮಕ್ಕಳ ಶಾಲೆಗಳಿಗೆ ಅಂತಲೇ 1961ರಲ್ಲಿ ಕೇಂದ್ರ ಸರ್ಕಾರ ಬೇರೆ ಆಡಳಿತ ಮಾಡಿತು. ಆಸ್ಪತ್ರೆ ಬಂತು. 1963ರಲ್ಲಿ ನಾಮ್ಡ್ರೋಲಿಂಗ್ ಮಠ ಶುರುವಾಯಿತು. ಸ್ವಿಟ್ಜರ್ಲೆಂಡ್ ಮುಂತಾದ ದೇಶಗಳ ನೆರವು ಹರಿಯಿತು. 1968ರಲ್ಲಿ ಟಿಬೆಟನ್ನರ ಪುನರ್ವಸತಿಗೆಂದೇ ಮೈರಾಡ ಸಂಸ್ಥೆ ಹುಟ್ಟಿತು. ಅದರ ಪೂರ್ತಿ ಹೆಸರಿನಲ್ಲೇ ಮೈಸೂರು ಇದೆ, ಪುನರ್ವಸತಿಯೂ ಇದೆ.

ಇಲ್ಲಿ ಒಂದು ವಿಷಯ ನಿಮಗೆ ಹತ್ತಿರದ್ದು. ಮೈರಾಡ ಆಮೇಲೆ ನಮ್ಮ ಹಳ್ಳಿಗಳಿಗೂ ಬಂತು. 1980ರ ದಶಕದ ಮಧ್ಯದಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಗುಂಪು ಕಟ್ಟಿಕೊಂಡು ಉಳಿತಾಯ ಮಾಡುವ ದಾರಿ ಅಲ್ಲಿ ಬೆಳೆಯಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ನಿಮ್ಮ ಮನೆಯ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಸೇರುವ ಸ್ವಸಹಾಯ ಸಂಘದ ಒಂದು ಬೇರು ಇಲ್ಲಿದೆ.

ಮಕ್ಕಳು ದೊಡ್ಡವರಾದಂತೆ ಕ್ಯಾಂಪಿನಲ್ಲಿ ಎಕರೆ ಸಾಲದಾಯಿತು. ಆಗ ಹಿಡಿದದ್ದು ಸ್ವೆಟರ್ ವ್ಯಾಪಾರ. ಲುಧಿಯಾನದಿಂದ ಸಾಲಕ್ಕೆ ಸರಕು ತಂದು, ಚಳಿಗಾಲದಲ್ಲಿ ಊರೂರಲ್ಲಿ ಮಾರಿ, ಆಮೇಲೆ ಹಣ ತೀರಿಸುವುದು. ಮುಂದೆ ವಿದೇಶಕ್ಕೆ ಹೋದ ಮಕ್ಕಳು ಕಳಿಸುವ ಹಣ, ಪ್ರವಾಸಿಗರಿಂದ ಬರುವ ಹಣವೂ ಸೇರಿತು. ಎಷ್ಟೋ ಹೊಲದಲ್ಲಿ ಇವತ್ತು ಕೂಲಿ ಮಾಡುವವರು ಸುತ್ತಲ ಹಳ್ಳಿಯ ನಮ್ಮವರೇ.

ಆಗ ಕಾಡಿನೊಳಗೆ ಏನಾಗುತ್ತಿತ್ತು?

ಬೈಲಕುಪ್ಪೆಯ ದಕ್ಷಿಣಕ್ಕೆ ನಾಗರಹೊಳೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು ತಲೆತಲಾಂತರದಿಂದ ಇದ್ದ ಕಾಡು. ಅವರ ಬದುಕು ಜೇನು, ಗೆಡ್ಡೆ ಗೆಣಸು, ಸೀಗೆ, ನೆಲ್ಲಿ, ಸಣ್ಣ ರಾಗಿ ತುಂಡು, ಆನೆ ಪಳಗಿಸುವ ಕೆಲಸ. ಹಣದ ಲೆಕ್ಕದಲ್ಲಿ ಬಡವರು. ಆದರೆ ಹಸಿದಾಗ ಹೋಗುವುದು ಎಲ್ಲಿಗೆ ಅಂತ ಅವರಿಗೆ ಗೊತ್ತಿತ್ತು.

ನಾಗರಹೊಳೆ 1955ರಲ್ಲಿ ವನ್ಯಧಾಮ ಆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1970ರ ದಶಕದ ಮಧ್ಯದಲ್ಲಿ ಮೈಸೂರು ಜಿಲ್ಲೆಯ ಕಾಡನ್ನೂ ಸೇರಿಸಿ ವಿಸ್ತರಿಸಿದರು. 1988ರ ಹೊತ್ತಿಗೆ ರಾಷ್ಟ್ರೀಯ ಉದ್ಯಾನ 643 ಚದರ ಕಿಲೋಮೀಟರ್ ಆಯಿತು. ಇದೇ ಅವಧಿಯಲ್ಲಿ, 1974ರಲ್ಲಿ, ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಎದ್ದಿತು. ಹಿನ್ನೀರಿನಲ್ಲಿ ಹಳ್ಳಿಗಳೂ ಹಾಡಿಗಳೂ ಮುಳುಗಿದವು.

ಹಾಡಿಗಳನ್ನು ಎಬ್ಬಿಸಿದ್ದು ಹೆಚ್ಚಾಗಿ 1970, 80ರ ದಶಕದಲ್ಲಿ. ಅವರ ಹೆಸರಲ್ಲಿ ಪಹಣಿ ಇರಲಿಲ್ಲ. ಕಾಗದ ಇಲ್ಲದವರಿಗೆ ಪರಿಹಾರವೂ ಇಲ್ಲ. ಹೀಗೆ ಹೊರಬಿದ್ದವರು ಎಲ್ಲಿ ಹೋದರು? ಕೆಲವರು ಕಾಡಂಚಿನಲ್ಲೇ ಹೊಸ ಹಾಡಿ ಕಟ್ಟಿಕೊಂಡರು. ಬಹಳ ಜನ ಕೊಡಗಿನ ಕಾಫಿ ತೋಟಗಳಿಗೆ ಹೋದರು. ಮುಂಗಡ ಹಣ ಪಡೆದು, ಲೈನ್ ಮನೆಯಲ್ಲಿ ಇದ್ದು, ಮುಂಗಡ ತೀರಿಸಲು ದುಡಿಯುವುದು. ತೀರುವ ಹೊತ್ತಿಗೆ ಇನ್ನೊಂದು ಮುಂಗಡ. ಮಕ್ಕಳ ಓದು ಇದರ ನಡುವೆ ಎಲ್ಲೋ ಬಿಟ್ಟುಹೋಗುತ್ತಿತ್ತು.

ಹೀಗೆ ನಾಗರಹೊಳೆಯಿಂದ ಹೊರಬಿದ್ದವರ ಲೆಕ್ಕ ಹಾಕಲು ಕರ್ನಾಟಕ ಹೈಕೋರ್ಟ್ ಒಂದು ಸಮಿತಿ ಮಾಡಿತು. ಮುಖ್ಯಸ್ಥರು ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿ. 2014ರಲ್ಲಿ ಬಂದ ಆ ವರದಿ ಗುರುತಿಸಿದ್ದು 3,418 ಕುಟುಂಬಗಳನ್ನು. ಕಾಡು ಬಿಟ್ಟು ಮೂವತ್ತು, ನಲವತ್ತು ವರ್ಷ ಆದಮೇಲೆ ಮಾಡಿದ ಲೆಕ್ಕ ಅದು. ಬೈಲಕುಪ್ಪೆಗೆ ಬಂದವರ ಪಟ್ಟಿ ಅವರು ಬರುವಾಗಲೇ ಇತ್ತು.

ಇನ್ನೊಂದು ಘಟನೆಯನ್ನೂ ಮರೆಯಬಾರದು. ಕಾಡು ಪ್ರಾಣಿಗಳಿಗೆ ತೊಂದರೆ ಅಂತ ಹಾಡಿಗಳನ್ನು ಎಬ್ಬಿಸುತ್ತಿದ್ದ ಕಾಲದಲ್ಲೇ ಅದೇ ಕಾಡಿನೊಳಗೆ ಹೋಟೆಲ್ ನಡೆಸಲು ಒಂದು ಕಂಪನಿಗೆ ಜಾಗ ಕೊಟ್ಟಿದ್ದರು. ಆದಿವಾಸಿಗಳ ಸಂಘಟನೆ ಕೋರ್ಟಿಗೆ ಹೋಯಿತು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಹೋಟೆಲ್ ನಿಂತಿತು. ಜನರನ್ನು ಹೊರಗೆ ಕಳಿಸುವ ಕೆಲಸ ಮಾತ್ರ ನಿಲ್ಲಲಿಲ್ಲ.

ವ್ಯತ್ಯಾಸ ಆದದ್ದು ಎಲ್ಲಿ?

"ಜೇನು ಕುರುಬರಿಗೆ ಬೇಸಾಯ ಗೊತ್ತಿಲ್ಲ, ಭೂಮಿ ಕೊಟ್ಟರೂ ಉಳಿಸಿಕೊಳ್ಳುವುದಿಲ್ಲ" ಅಂತ ಹೇಳುವವರಿದ್ದಾರೆ. ಆದರೆ ಬೈಲಕುಪ್ಪೆಗೆ ಬಂದವರಲ್ಲಿ ಕುರಿ, ಚಮರೀಮೃಗ ಮೇಯಿಸುತ್ತಿದ್ದವರೂ ಇದ್ದರು. ನಮ್ಮ ಕೆಂಪು ಮಣ್ಣು, ಮುಂಗಾರು, ಮುಸುಕಿನ ಜೋಳ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಕಾಯುವಷ್ಟು ವರ್ಷ, ಅಷ್ಟು ವರ್ಷ ಹೊಟ್ಟೆಗೆ ಹಿಟ್ಟು ಸಿಕ್ಕಿತು. ಹಾಡಿಯವರಿಗೆ ಆ ಕಾಲಾವಕಾಶ ಕೊಟ್ಟವರಿಲ್ಲ.

ಎರಡನೆಯದು, ಟಿಬೆಟನ್ನರನ್ನು ಒಟ್ಟಿಗೆ ಕೂರಿಸಿದರು. ಭಾಷೆ, ಗುರುಗಳು, ಶಾಲೆ, ಸಂಘ ಎಲ್ಲ ಒಂದೇ ಕಡೆ. ಹಾಡಿಯವರು ಚದುರಿಹೋದರು. ಚದುರಿದವರು ಸಂಘ ಕಟ್ಟುವುದು ಎಷ್ಟು ಕಷ್ಟ ಅಂತ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಮೂರನೆಯದು ಹೆಸರಿನ ಬಲ. ಗಡಿ ದಾಟಿದವರಿಗೆ ನಿರಾಶ್ರಿತರು ಎಂಬ ಹೆಸರು ಸಿಗುತ್ತದೆ, ಜಗತ್ತು ತಿರುಗಿ ನೋಡುತ್ತದೆ. 1948ರಲ್ಲಿ ಮನೆ ಕಳೆದುಕೊಂಡ ಪ್ಯಾಲೆಸ್ಟೀನಿನ ಲಕ್ಷಾಂತರ ಜನರಿಗೆ ಮರುವರ್ಷವೇ ವಿಶ್ವಸಂಸ್ಥೆ ಬೇರೆ ಸಂಸ್ಥೆಯನ್ನೇ ಮಾಡಿತು. ಅವರ ನೆಲದ ಪ್ರಶ್ನೆ ಬಗೆಹರಿಯಲಿಲ್ಲ, ಆದರೆ ಶಾಲೆ, ಆಸ್ಪತ್ರೆ, ಪಡಿತರಕ್ಕೆ ಒಂದು ವ್ಯವಸ್ಥೆಯಾದರೂ ಬಂತು. ಅದೇ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಮೀನು ನಂಬಿ ಬದುಕಿದ್ದ ಸಿಮ್ಶಿಯನ್ ಎಂಬ ಮೂಲನಿವಾಸಿಗಳನ್ನು ನೋಡಿ. ಅವರು ಎಲ್ಲಿಗೂ ಓಡಿಬರಲಿಲ್ಲ. ಇದ್ದ ಜಾಗದಲ್ಲೇ ನೆಲ, ಹೊಳೆ, ಮೀನಿನ ಹಕ್ಕು ಬೇರೆಯವರ ಕೈಗೆ ಹೋಯಿತು. ಅಂಥವರ ವಿಷಯ ಆ ದೇಶದ ಒಳಗಿನ ವಿಷಯವಾಗಿ ಉಳಿಯುತ್ತದೆ. ನಮ್ಮ ಜೇನು ಕುರುಬರ ಕತೆಯೂ ಹಾಗೇ. ಅವರು ದಾಟಿದ್ದು ದೇಶದ ಗಡಿಯನ್ನಲ್ಲ, ಅರಣ್ಯ ಇಲಾಖೆಯ ಗೇಟನ್ನು.

ತಪ್ಪಿರುವ ಅರ್ಧ

ಇನ್ನು "ಟಿಬೆಟನ್ನರಿಗೆ ಎಲ್ಲಾ ಕೊಟ್ಟರು" ಅನ್ನುವ ಮಾತು. ಅವರು ಉಳುವ ಭೂಮಿ ಅವರದ್ದಲ್ಲ. ಸರ್ಕಾರ ಗುತ್ತಿಗೆಗೆ ಕೊಟ್ಟದ್ದು. ಮಾರುವಂತಿಲ್ಲ. ಬಹಳ ಜನರ ಕೈಯಲ್ಲಿರುವುದು ವಿದೇಶಿಯರ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳು. ಅದನ್ನು ಒಪ್ಪಿಸಲು ಕೂಡ ಅವರು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಸರ್ಕಾರಿ ಕೆಲಸದ ದಾರಿ ಕಿರಿದು. ಅದಕ್ಕೇ ಓದಿದ ಮಕ್ಕಳು ಅಮೆರಿಕ, ಕೆನಡಾ, ಯುರೋಪಿನ ಕಡೆ ಹೊರಡುತ್ತಾರೆ. ಕ್ಯಾಂಪಿನಲ್ಲಿ ವಯಸ್ಸಾದವರು ಉಳಿಯುತ್ತಾರೆ.

ಜೇನು ಕುರುಬರಿಗೆ ವೋಟಿದೆ, ಆಧಾರ್ ಇದೆ, ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಇದೆ. ಕೊರಗರ ಜೊತೆಗೆ ರಾಜ್ಯದಲ್ಲಿ ವಿಶೇಷವಾಗಿ ದುರ್ಬಲ ಎಂದು ಕೇಂದ್ರ ಗುರುತಿಸಿದ ಎರಡೇ ಬುಡಕಟ್ಟುಗಳಲ್ಲಿ ಒಂದು ಅವರದ್ದು. ಕಾಲಿಡಲು ನೆಲ ಮಾತ್ರ ಇಲ್ಲ.

ಇನ್ನೊಂದು ಮಾತು ಸ್ಪಷ್ಟ ಇರಲಿ. ಟಿಬೆಟನ್ನರಿಗೆ ಕೊಟ್ಟದ್ದರಿಂದ ಜೇನು ಕುರುಬರಿಗೆ ಇಲ್ಲದಾಯಿತು ಅನ್ನುವುದು ಸುಳ್ಳು. ಒಬ್ಬರ ತಟ್ಟೆಯ ಅನ್ನ ಕಿತ್ತು ಇನ್ನೊಬ್ಬರಿಗೆ ಹಾಕಲಿಲ್ಲ. ಬೈಲಕುಪ್ಪೆ ತೋರಿಸುವುದು ಬೇರೆ. ಜನರನ್ನು ಮರಳಿ ನೆಲೆಗೊಳಿಸುವುದು ಹೇಗೆ ಅಂತ ನಮ್ಮ ಸರ್ಕಾರಕ್ಕೆ 1960ರಲ್ಲೇ ಗೊತ್ತಿತ್ತು. ಒಟ್ಟಿಗೆ ಇರುವ ಜಾಗ, ಸಂಘ, ಶಾಲೆ, ಆಸ್ಪತ್ರೆ, ಹತ್ತಾರು ವರ್ಷದ ಬೆಂಬಲ. ಗೊತ್ತಿದ್ದನ್ನೇ ಹತ್ತು ಹದಿನೈದು ವರ್ಷದ ನಂತರ, ಅದೇ ಜಿಲ್ಲೆಯಲ್ಲಿ, ತನ್ನದೇ ಪ್ರಜೆಗಳಿಗೆ ಮಾಡಲಿಲ್ಲ.

ಈಗ ಏನು?

1999-2000ರ ಸುಮಾರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಹಾಡಿಗಳಾದವು. ಮನೆ, ಜಮೀನು ಕೊಟ್ಟರು. ಏನೂ ಕೊಡದ ಕಾಲಕ್ಕಿಂತ ಅದು ಮೇಲು. ಈಗ ಹುಲಿ ಯೋಜನೆ ಪ್ರದೇಶದಿಂದ ಹೊರಬರುವ ಕುಟುಂಬಕ್ಕೆ 15 ಲಕ್ಷದ ಪ್ಯಾಕೇಜ್ ಇದೆ. ಮೊದಲು 10 ಲಕ್ಷ ಇತ್ತು, 2021ರಲ್ಲಿ ಏರಿಸಿದರು. ದೊಡ್ಡ ಮೊತ್ತದಂತೆ ಕಾಣುತ್ತದೆ. ಆದರೆ ಹಣವನ್ನಷ್ಟೇ ಪಡೆದು ಹೊರಬಂದ ಕುಟುಂಬ ಒಂಟಿ. ಬೈಲಕುಪ್ಪೆಯಲ್ಲಿ ಕೆಲಸ ಮಾಡಿದ್ದು ಒಂದು ಸಲದ ಹಣವಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಾಡಿಯವರಿಗೆ ಒಂದು ದಾರಿ ಇದೆ. ಅದರ ಸೆಕ್ಷನ್ 3(1)(ಎಂ) ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮುಂಚೆ ಪರಿಹಾರ ಇಲ್ಲದೆ ಕಾನೂನುಬಾಹಿರವಾಗಿ ಎಬ್ಬಿಸಿದವರಿಗೆ ಪುನರ್ವಸತಿಯ ಹಕ್ಕಿದೆ. ಅರ್ಜಿ ಮೊದಲು ಬರಬೇಕಾದದ್ದು ಗ್ರಾಮಸಭೆಗೆ. 2025ರ ಮೇನಲ್ಲಿ ಜೇನು ಕುರುಬರ 52 ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸು ಹೋಗಿ ಗುಡಿಸಲು ಹಾಕಿದ್ದು ಇದೇ ಕಾಯ್ದೆಯ ಹೆಸರು ಹೇಳಿ. ನಮ್ಮ ಹಿರಿಯರನ್ನು ಎಬ್ಬಿಸಿದ ಜಾಗ ಇದು ಅಂತ ಅವರು ಹೇಳಿದರು.

ನಿಮ್ಮ ಪಂಚಾಯಿತಿ ಕಾಡಂಚಿನಲ್ಲಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಿ. ನಮ್ಮಲ್ಲಿ ಅರಣ್ಯ ಹಕ್ಕು ಸಮಿತಿ ಇದೆಯಾ? ಕೊನೆಯ ಸಲ ಅದು ಸೇರಿದ್ದು ಯಾವಾಗ? ಹಾಡಿಯವರು ಕೇಳಿದರೆ ಒಂದು ತೂಕ. ಪಕ್ಕದ ಊರಿನವರು ಜೊತೆಗೆ ನಿಂತು ಕೇಳಿದರೆ ಇನ್ನೊಂದು ತೂಕ.